ಸೂರಿನ ನೀರು ಬೀಳುವ ಜಾಗ

ಗಾವಡಗೆರೆ
14 ಜೂನ್ 2024

ಅಪ್ಪಾ,

ತಮ್ಮ ಹುಟ್ಟುವಾಗಲೇ ಸತ್ತಿದ್ದ ಎಂದು ಹತ್ತು ವರ್ಷದಿಂದ ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು. ಅವನು ಉಸಿರಾಡುತ್ತಿದ್ದ. ಆಸ್ಪತ್ರೆಯವರೇ ಮಣ್ಣು ಮಾಡಿದರು ಎಂದದ್ದೂ ಸುಳ್ಳು. ಅವನು ಯಾವ ಆಸ್ಪತ್ರೆಯನ್ನೂ ನೋಡಲಿಲ್ಲ. ನಮ್ಮ ಕೊಪ್ಪಲಿನ ಯೇಸುಸ್ವಾಮಿ ಗುಡಿಯ ಬಡಗಲ ಗೋಡೆಯ ಪಕ್ಕ, ಬಾಗಿಲಿನಿಂದ ಮೂರನೇ ಕಿಟಕಿಯ ಕೆಳಗೆ, ಸೂರಿನ ನೀರು ಬೀಳುವ ಜಾಗದಲ್ಲಿದ್ದಾನೆ.

ಫೋನ್ ಮಾಡಿದರೆ ನನ್ನ ನಂಬರು ನೋಡಿ ಕಟ್ ಮಾಡುತ್ತೀಯ. ನಾನು ಗಾರೆ ಕೆಲಸಕ್ಕೆ ಸೇರಿದಾಗಿನಿಂದ ಹೀಗೆ, ಮೂರು ವರ್ಷವಾಯಿತು. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿಯಬಹುದು, ಆದರೆ ಹರಿಯುವ ಮೊದಲು ಓದುತ್ತೀಯ. ನಿನ್ನನ್ನು ನಾನು ಬಲ್ಲೆ.

ಆಗ ನನಗೆ ಹದಿಮೂರು, ಬೇಸಿಗೆ ರಜೆ. ಉಪದೇಶಿಗಳ ತರಬೇತಿ ಎಂದು ನೀನು ಮೂರು ದಿನ ಮೈಸೂರಿಗೆ ಹೋಗಿದ್ದೆ. ಅವ್ವನಿಗೆ ಎಂಟು ತಿಂಗಳು ತುಂಬಿರಲಿಲ್ಲ. ಮಧ್ಯಾಹ್ನ ನೋವು ಬಂತು. ಪಕ್ಕದ ಬೀದಿಯ ಚಿಕ್ಕಬೀರಮ್ಮನನ್ನು ನಾನೇ ಓಡಿಹೋಗಿ ಕರೆತಂದೆ. ಕೂಸು ನೀಲಿಯಾಗಿತ್ತು. ಚಿಕ್ಕಬೀರಮ್ಮ ಕಾಲು ಹಿಡಿದು ಎತ್ತಿ ಬೆನ್ನಿಗೆ ತಟ್ಟಿದಳು. ಒಂದು ಸಲ ಬೆಕ್ಕಿನ ಮರಿಯ ಹಾಗೆ ಕೂಗಿತು. “ಇದು ನಿಲ್ಲಾಕಿಲ್ಲ ಕಣವ್ವ” ಅಂದಳು.

ಪಾದ್ರಿ ಸ್ವಾಮಿಗಳು ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನ ಗಂಟೆ, ಜಪ, ಮಕ್ಕಳ ಪಾಠ, ಜ್ಞಾನಸ್ನಾನ ಮರಣಗಳ ಪುಸ್ತಕ ಬರೆಯುವುದು ಎಲ್ಲ ಉಪದೇಶಿಯಾದ ನಿನ್ನದೇ. ಕೂಸು ಸಾಯುವ ಹಾಗಿದ್ದು ಸ್ವಾಮಿಗಳು ಹತ್ತಿರ ಇಲ್ಲದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂದು ಭಾನುವಾರದ ಪಾಠದಲ್ಲಿ ನೀನೇ ಹೇಳಿಕೊಟ್ಟಿದ್ದೆ. ಹಂಡೆಯಿಂದ ಒಂದು ಚೊಂಬು ನೀರು ತಂದೆ. ಹೆಸರು ಹೇಳಿ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎಂದು ಮೂರು ಸಲ ತಲೆಯ ಮೇಲೆ ಹೊಯ್ದೆ. ಆಮೇಲೂ ಒಂದು ಅನ್ನ ಬೇಯುವಷ್ಟು ಹೊತ್ತು ಉಸಿರಾಡಿದ.

ಅವ್ವ ನನ್ನ ಕೈ ಹಿಡಿದುಕೊಂಡಳು. “ನೀರ್ ಹುಯ್ದಿದ್ನ ನಿಮ್ಮಪ್ಪಂಗೆ ಹೇಳ್ಬೇಡ ಕಣೆ. ಹೇಳುದ್ರೆ ಹುಣಸೂರಿಗೆ ತಕ್ಕೊಂಡೋಯ್ತರೆ. ನಂಗೆ ಇವ್ನು ಇಲ್ಲೇ ಬೇಕು.”

ಜ್ಞಾನಸ್ನಾನ ಆದವರಿಗೆ ಹುಣಸೂರಿನ ಸ್ಮಶಾನ. ಆಗದೆ ಸತ್ತ ಕೂಸುಗಳಿಗೆ ಗುಡಿಯ ಸೂರು. ಗುಡಿಯ ಹೆಂಚಿನಿಂದ ಇಳಿದ ಮಳೆಯೇ ಅವುಗಳಿಗೆ ಜ್ಞಾನಸ್ನಾನ ಎಂದು ಕೊಪ್ಪಲಿನ ಹೆಂಗಸರು ನಂಬಿದ್ದರು. ಅದು ಮೂಢತನ ಎಂದು ನೀನು ಬೈಯುತ್ತಿದ್ದೆ, ನೀನು ಊರಲ್ಲಿಲ್ಲದಾಗ ಅವರು ಮಾಡುತ್ತಿದ್ದರು. ಅವ್ವ ಮಗನನ್ನು ಹತ್ತಿರ ಇಟ್ಟುಕೊಳ್ಳಲು ಸುಳ್ಳು ಹೇಳಿದಳು. ಸಾಯುವವರೆಗೆ ಆರು ವರ್ಷ ದಿನಾ ಬೆಳಿಗ್ಗೆ ಗುಡಿಯ ಅಂಗಳ ಗುಡಿಸಿದಳು. ಮೂರನೇ ಕಿಟಕಿಯ ಹತ್ತಿರ ಪೊರಕೆ ನಿಲ್ಲಿಸುತ್ತಿದ್ದಳು. ನಾನು ಶಾಲೆ ಬಿಟ್ಟದ್ದು ಈ ದುಃಖಕ್ಕೆ ಎಂದು ಬರೆದರೆ ನಿನಗೆ ಕನಿಕರ ಬರಬಹುದು, ಆದರೆ ನಿಜವಲ್ಲ. ನನಗೆ ಒಂದೇ ಕಡೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ನಮ್ಮವರೆಲ್ಲ ಊರು ಬಿಟ್ಟ ಮೇಲೆ ಬೀಗ ಬಿದ್ದಿದ್ದ ಗುಡಿಯನ್ನು ಮಾರಿದ್ದಾರೆ, ಅದು ಮನೆಯಾಗುತ್ತಿದೆ. ಕೊಂಡವರು ಬಿಳಿಕೆರೆಯ ಸೋಮಶೇಖರ್, ಶುಂಠಿ ವ್ಯಾಪಾರ. ಕೆಲಸ ನಮ್ಮ ಮಲ್ಲೇಶ್ ಮೇಸ್ತ್ರಿಯದು. ಟೈಲ್ಸ್ ಕೂರಿಸುವವಳು ನಾನು. ಎಲ್ಲಿ ಎಂದು ಕೇಳದೆ ಒಪ್ಪಿಕೊಂಡಿದ್ದೆ, ಟೆಂಪೋ ಇಳಿದ ಮೇಲೆ ಗೊತ್ತಾಯಿತು. ಬಲಿಪೀಠದ ಹಿಂದಿನ ಗೋಡೆ ಒಡೆದು ಮೂಡಲಿಗೆ ಹೆಬ್ಬಾಗಿಲು ಇಟ್ಟಿದ್ದಾರೆ, ವಾಸ್ತು. ನಾವು ಒಳಗೆ ಬರುತ್ತಿದ್ದ ಬಾಗಿಲ ಪಕ್ಕ ಬಚ್ಚಲು. ಪಾಪನಿವೇದನೆಯ ಗೂಡಿನಲ್ಲಿ ಚಪ್ಪಲಿ ಇಡುತ್ತಾರಂತೆ. ಇದಕ್ಕೆಲ್ಲ ನನಗೆ ಸಿಟ್ಟಿಲ್ಲ. ಬೀಗ ಹಾಕಿ ಬಾವಲಿ ಸಾಕುವುದಕ್ಕಿಂತ ಜನ ಅನ್ನ ಬೇಯಿಸಿಕೊಂಡು ಇರುವುದು ಮೇಲು.

ಆದರೆ ಬಚ್ಚಲ ಪೈಪಿಗೆ ಬಡಗಲ ಸೂರಿನ ಉದ್ದಕ್ಕೂ ಎರಡೂವರೆ ಅಡಿ ಅಗೆಯುತ್ತಾರೆ. ನಿನ್ನೆ ಸುಣ್ಣದ ಗೆರೆ ಎಳೆದರು. ಗೆರೆ ಅವನ ಮೇಲೇ ಹಾದುಹೋಗಿದೆ.

ಅಲ್ಲಿ ಸಮಾಧಿಗಳಿವೆ ಎಂದು ಗುಡಿ ಮಾರಿದ ಹುಣಸೂರಿನ ಧರ್ಮಕೇಂದ್ರಕ್ಕೂ ಸೋಮಶೇಖರ್‌ಗೂ ಒಂದೊಂದು ಕಾಗದ ಬರೆ. ಉಪದೇಶಿ ಬರೆದರೆ ಕೇಳುತ್ತಾರೆ. ನಾನು ಬರೆದರೆ ಗಾರೆಯವಳ ಮಾತು. ಇಷ್ಟೇ ಕೇಳುತ್ತಿರುವುದು.

ರಾಣಿ


ಸಿದ್ದಾಪುರ, ಕೊಡಗು
2 ಜುಲೈ 2024

ಮಗಳು ರಾಣಿಗೆ,

ನಿನ್ನ ಕಾಗದ ತಲುಪಿತು. ಇಲ್ಲಿ ಎಸ್ಟೇಟಿನ ಗುಡಿಯ ಕೆಲಸದಲ್ಲಿ ಕ್ಷೇಮವಾಗಿದ್ದೇನೆ. ಮಳೆ ಜೋರಾಗಿದೆ.

ತೀರಿಹೋದ ತಾಯಿಯ ಮೇಲೆ ಸುಳ್ಳಿನ ಹೊರೆ ಹೊರಿಸುವುದು ಸರಿಯಲ್ಲ. ನೀನು ಹೇಳುವುದು ನಿಜವಾಗಿದ್ದರೆ ಆ ದಿನವೇ ಹೇಳುತ್ತಿದ್ದೆ. ನಿನ್ನ ಬಾಯಿಯಲ್ಲಿ ಯಾವ ಮಾತೂ ನಿಂತದ್ದನ್ನು ನಾನು ಕಂಡಿಲ್ಲ.

ಗುಡಿ ಮಾರುವಾಗ ಆವರಣದಲ್ಲಿ ಸಮಾಧಿಗಳಿವೆಯೇ ಎಂದು ಧರ್ಮಕೇಂದ್ರದವರು ನನ್ನನ್ನು ಕೇಳಿದ್ದರು. ಮರಣದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಕೊಪ್ಪಲಿನಲ್ಲಿ ಸತ್ತವರೆಲ್ಲ ಹುಣಸೂರಿನಲ್ಲಿ ಇದ್ದಾರೆ. ಸಮಾಧಿಗಳಿಲ್ಲ ಎಂದು ಬರೆದು ಸಹಿ ಮಾಡಿದೆ. ಜ್ಞಾನಸ್ನಾನ ಆಗದ ಕೂಸುಗಳನ್ನು ಪುಸ್ತಕದಲ್ಲಿ ಬರೆಯುವ ಕ್ರಮ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಇದೆ ಎಂದು ಬರೆಯಲಾರೆ.

ಕೆಲಸದ ಜಾಗದಲ್ಲಿ ಈ ಮಾತು ಎತ್ತಬೇಡ. ಮಲ್ಲೇಶ್ ಒಳ್ಳೆಯ ಮನುಷ್ಯ.

ಇನ್ನಾಸಪ್ಪ,
ಉಪದೇಶಿ


ಗಾವಡಗೆರೆ
9 ಜುಲೈ 2024

ಅಪ್ಪಾ,

ಮಗಳಿಗೆ ಬರೆದ ಕಾಗದದ ಕೆಳಗೂ ಉಪದೇಶಿ ಎಂದು ಸಹಿ ಮಾಡಿದ್ದೀಯ. ಸೀಲೊಂದು ಕಡಿಮೆಯಾಯಿತು.

ನಿನ್ನ ಕಾಗದ ಬರುವ ಮೊದಲೇ ನಾನು ಮಾತು ಎತ್ತಿಯಾಗಿತ್ತು. ಗುದ್ದಲಿ ಹಿಡಿದವರ ಮುಂದೆ ಹೋಗಿ ಸುಣ್ಣದ ಗೆರೆಯ ಮೇಲೆ ನಿಂತೆ. ಸೋಮಶೇಖರ್ ಅಲ್ಲೇ ಇದ್ದರು, ಅವರ ತಾಯಿ ಪುಟ್ಟಮಾದಮ್ಮನೂ ಬಂದಿದ್ದರು.

“ಏನಾಯ್ತವ್ವ?” ಅಂದರು ಸೋಮಶೇಖರ್.

“ಇಲ್ಲಿ ಕೂಸ್ಗಳವೆ ಸಾರ್. ನನ್ ತಮ್ಮನೂ ಅವ್ನೆ.”

ಮಲ್ಲೇಶಣ್ಣ ತಲೆಯ ಮೇಲೆ ಕೈ ಹೊತ್ತುಕೊಂಡ. “ನಿನ್ ಬಾಯ್ಗೆ ಸಿಮೆಂಟ್ ತುಂಬ! ತಿಂಗ್ಳಿಂದ ಇಲ್ಲೇ ಟೈಲ್ಸ್ ಕುಯ್ತಾ ಕೂತಿದ್ದೆ. ಇವತ್ತೇ ಗ್ಯಾನ ಬಂತೇನೆ?”

ಸೋಮಶೇಖರ್ ಬೈಯಲಿಲ್ಲ. ಕಾರಿನಿಂದ ಫೈಲು ತಂದು ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. “ಇನ್ನಾಸಪ್ಪೋರು ನಿಮ್ಮಪ್ಪನೇ ಅಲ್ವಾ? ಸಮಾಧಿ ಇಲ್ಲ ಅಂತ ಬರ್ಕೊಟ್ಟವ್ರೆ. ನಾನೇನ್ ಕೇಳ್ದೆ ತಕ್ಕೊಂಡೆನಾ?”

ನಿನ್ನ ಸಹಿ. ‘ಪ್ಪ’ದ ಬಾಲವನ್ನು ಕೆಳಗೆಳೆದು ಎರಡು ಗೆರೆ ಹಾಕುವುದು. ನನ್ನ ಅಂಕಪಟ್ಟಿಗೆಲ್ಲ ಹೀಗೇ ಹಾಕುತ್ತಿದ್ದೆ. ಆರು ಜನ ಕೂಲಿಯವರ ಮುಂದೆ ನಾನು ಸುಳ್ಳಿಯಾದೆ. ಇದನ್ನು ಬರೆದುಕೊಡಲು ಕಳೆದ ವರ್ಷ ಹುಣಸೂರಿಗೆ ಬಂದಿದ್ದೆಯಲ್ಲ, ಅಲ್ಲಿಂದ ಗಾವಡಗೆರೆಗೆ ಎಷ್ಟು ದೂರ?

ಮಾತಾಡಿದ್ದು ಆ ಮುದುಕಿ. ಎಲೆ ಅಡಿಕೆ ಉಗಿದು ಬಂದು ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಮಗನ ಮುಂದೆ ಹಿಡಿದರು. “ಕೂಸ್ನ ಯಾರ್ಲಾ ಪುಸ್ತಕ್ದಲ್ಲಿ ಬರೀತಾರೆ? ನಿನ್ಗಿಂತ ಮುಂಚೆ ಹುಟ್ಟಿದ್ದ ಎರಡ್ನ ಬಿಳಿಕೆರೆ ಹೊಲ್ದ ಬದೀಲಿ ಮಡಗಿವ್ನಿ. ಯಾವ್ ಪುಸ್ತಕ್ದಲ್ಲಿ ಐತೆ, ತೋರ್ಸು.”

“ಅವ್ವಾ, ಈ ಯಪ್ಪ ಬರ್ಕೊಟ್ಟಿರದು...”

“ಆ ಯಪ್ಪ ಹೆತ್ತಿದ್ನಾ?”

ಕೂಲಿಯವರು ನಕ್ಕರು. ನನಗೂ ನಗು ಬಂತು, ಅದೇ ಹೊತ್ತಿಗೆ ಕಣ್ಣೀರೂ ಬಂತು. ಆದರೆ ಸೋಮಶೇಖರ್ ಕೊನೆಗೆ ಅಂದದ್ದು ಇದು: “ಸಮಾಧಿ ಇದ್ರೆ ತೆಗ್ದು ಹುಣಸೂರಿಗೆ ಸಾಗ್ಸಿ. ಮರ್ಯಾದೆಯಾಗೇ ಮಾಡ್ಸ್ತೀನಿ. ಇಲ್ಲ ಅಂದ್ರೆ ಪೈಪ್ ಹೋಯ್ತದೆ. ಎರಡ್ರಲ್ಲಿ ಒಂದು. ನಮ್ಮನೆಯೋಳು ಭಾವನಾ ಸಮಾಧಿ ಪಕ್ಕ ಸಂಸಾರ ಮಾಡಾಕಿಲ್ಲ ಅಂತಾಳೆ.” ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ.

ಪುಸ್ತಕ ಪುಸ್ತಕ ಎನ್ನುತ್ತೀಯಲ್ಲ. ನಿನ್ನ ಪುಸ್ತಕದ ಪ್ರಕಾರವೇ ಹೇಳುತ್ತೇನೆ. ನಾನು ನೀರು ಹೊಯ್ದಿದ್ದೇನೆ, ಮಾತು ಹೇಳಿದ್ದೇನೆ, ಹೆಸರು ಇಟ್ಟಿದ್ದೇನೆ. ನೀನು ಹೇಳಿಕೊಟ್ಟ ಪಾಠ ನಿಜವಾಗಿದ್ದರೆ ಅವನು ಕ್ರೈಸ್ತ. ಹಾಗಾದರೆ ನೀನು ಬರೆದುಕೊಟ್ಟದ್ದು ಸುಳ್ಳು. ಅವನು ಕ್ರೈಸ್ತ ಅಲ್ಲ ಎಂದರೆ ನೀನು ಹತ್ತೊಂಬತ್ತು ವರ್ಷ ಆ ಗುಡಿಯಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದು ಸುಳ್ಳು. ಎರಡರಲ್ಲಿ ಒಂದನ್ನು ನೀನೇ ಆರಿಸಿಕೋ. ನನ್ನ ಮಾತು ಬೇಡವಾದರೆ ಚಿಕ್ಕಬೀರಮ್ಮನನ್ನು ಕೇಳು. ಬದುಕಿದ್ದಾಳೆ, ಅವಳ ಮಗನ ಹತ್ತಿರ ಫೋನಿದೆ.

ಅವನೊಬ್ಬನೇ ಅಲ್ಲ. ಎಷ್ಟು, ಎಲ್ಲೆಲ್ಲಿ ಎಂಬುದು ನಿನಗೆ ಗೊತ್ತು. ಬಂದು ತೋರಿಸು. ಆ ಜಾಗ ಬಿಟ್ಟು ಪೈಪು ಹಾಕಿ ಎಂದು ನೀನು ನಿಂತು ಹೇಳಿದರೆ ಅವರು ಒಪ್ಪಬಹುದು. ಮುದುಕಿ ನಮ್ಮ ಕಡೆ ಇದ್ದಾರೆ.

ತಿಂಗಳ ಕೊನೆ ಎಂದರೆ ಮೂರು ವಾರ.

ರಾಣಿ


ಗಾವಡಗೆರೆ
4 ಆಗಸ್ಟ್ 2024

ಅಪ್ಪಾ,

ನೀನು ಬರಲಿಲ್ಲ, ಬರೆಯಲೂ ಇಲ್ಲ. ಕಾಗದ ತಲುಪಿಲ್ಲ ಎನ್ನಬೇಡ. ರಿಜಿಸ್ಟರ್ ಮಾಡಿದ್ದೆ, ನಿನ್ನ ಸಹಿ ಆದ ಕಾರ್ಡು ವಾಪಸು ಬಂದಿದೆ. ಅದಕ್ಕೂ ಎರಡು ಗೆರೆ.

ಕಳೆದ ಭಾನುವಾರ ನಾನೇ ಅಗೆದೆ. ಕೊಟ್ಟ ಸಮಯ ಮುಗಿಯಲು ಮೂರೇ ದಿನವಿತ್ತು, ಆಮೇಲೆ ಕೆಲಸದವರು ಹಾರೆ ಹಿಡಿದು ಬರುತ್ತಿದ್ದರು. ಅವರ ಹಾರೆ ಅವನಿಗೆ ತಾಗಬಾರದು. ಬೆಳಿಗ್ಗೆ ಏಳಕ್ಕೆ ಹೋದರೆ ಪುಟ್ಟಮಾದಮ್ಮ ಆಗಲೇ ಬಂದು ಕಿಟಕಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು.

“ನೀನ್ಯಾಕ್ ಬಂದೆ ಅಜ್ಜಿ?”

“ಒಬ್ಳೇ ಎಂಗೆ ತೆಗ್ದಿಯೆ? ಇನ್ನೊಬ್ರು ಇರ್ಬೇಕು. ನಾನ್ ಮುಟ್ಟಾಕಿಲ್ಲ, ಸುಮ್ಕೆ ಕೂತಿರ್ತೀನಿ. ಅಗಿ.”

ಗುದ್ದಲಿ ಒಂದು ಅಡಿವರೆಗೆ ಸಾಕಾಯಿತು. ಆಮೇಲೆ ಕರಣೆಯಲ್ಲಿ, ಆಮೇಲೆ ಕೈಯಲ್ಲಿ. ನಾಯಿ ಕೆರೆಯದಿರಲಿ ಎಂದು ಚಿಕ್ಕಬೀರಮ್ಮ ಮೇಲೆ ಹೇರಿದ್ದ ಗುಂಡುಕಲ್ಲು ಸಿಕ್ಕಿತು. ಖಾರ ಅರೆಯುತ್ತಿದ್ದ ನಮ್ಮ ಮನೆಯದೇ. ಗುಂಡುಕಲ್ಲು ಎಲ್ಲಿ ಹೋಯಿತು ಎಂದು ನೀನು ಅವ್ವನನ್ನು ಒಂದು ವಾರ ಬೈದಿದ್ದೆ, ನೆನಪಿದೆಯೇ? ಯಾರಿಗೋ ಕೊಟ್ಟು ಮರೆತೆ ಅಂದಳು. ಅದರ ಕೆಳಗೆ ಕಪ್ಪು ಮಣ್ಣು, ಅವ್ವನ ಎರಡು ಹಸಿರು ಬಳೆ. ಒಂದು ಇಡಿಯಾಗಿದೆ, ಒಂದು ಒಡೆದಿದೆ. ಬೇರೆ ಏನೂ ಇರಲಿಲ್ಲ. ಎಂಟು ತಿಂಗಳೂ ತುಂಬದೆ ಹುಟ್ಟಿದ ಕೂಸು, ಹತ್ತು ಮಳೆಗಾಲ. ಇನ್ನೇನು ಉಳಿಯುತ್ತದೆ? ನಾನು ಏನು ನೋಡುತ್ತೇನೋ ಎಂದು ವಾರವಿಡೀ ಹೆದರಿದ್ದೆ. ಏನೂ ಇಲ್ಲ ಎಂದು ನೋಡಿದಾಗ ಅದಕ್ಕಿಂತ ಕೆಟ್ಟದಾಯಿತು.

ಆ ಕಪ್ಪು ಮಣ್ಣನ್ನೂ ಬಳೆಗಳನ್ನೂ ಹೊಸ ಮಡಕೆಗೆ ತುಂಬಿದೆ. ಅವ್ವನ ಸಮಾಧಿಯಲ್ಲೇ ಇಡೋಣ ಎಂದು ಹುಣಸೂರಿಗೆ ಹೋದೆ. ಸ್ಮಶಾನ ನೋಡಿಕೊಳ್ಳುವ ಸುನೀಲ್‌ಕುಮಾರ್ ಒಳ್ಳೆಯವನೇ. ಮಡಕೆ ನೋಡಿ ಚಪ್ಪಲಿ ಬಿಟ್ಟು ನಿಂತ. ಆದರೆ ಜ್ಞಾನಸ್ನಾನ ಆಗಿದೆ ಎಂದು ಉಪದೇಶಿಯ ಚೀಟಿ ಬೇಕಂತೆ. “ನಾನ್ ಬೇಡ ಅನ್ನಲ್ಲ ಅಕ್ಕ. ನಾಳೆ ಯಾರಾದ್ರೂ ಕೇಳುದ್ರೆ ನಾನೇನ್ ತೋರ್ಸ್ಲಿ?”

ಯಾವ ಊರಿಗೆ ಹೋದರೂ ನಿನ್ನ ಸಹಿಯೇ ಎದುರಿಗೆ ಬರುತ್ತದೆ.

ಮಡಕೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ವಾಪಸು ಬಂದೆ. ಏನಮ್ಮ, ಮೊಸರಾ ಎಂದು ಕಂಡಕ್ಟರ್ ಕೇಳಿದ. ಹೂಂ ಅಂದೆ. ಬೇಕೆಂದು ಹೇಳಿದ ಸುಳ್ಳು ಅದೊಂದೇ ಈ ವರ್ಷ. ಈಗ ನನ್ನ ಕೋಣೆಯಲ್ಲಿ ರಾಗಿಹಿಟ್ಟಿನ ಡಬ್ಬದ ಪಕ್ಕದಲ್ಲಿದೆ. ನಿನ್ನ ಮಗ, ಅಪ್ಪಾ. ಹಲಗೆಯ ಮೇಲೆ ಕೂತಿದ್ದಾನೆ. ಚೀಟಿ ಕೊಡುತ್ತೀಯೋ ಇಲ್ಲವೋ?

ನಾನು ಬೇಡಿಕೊಳ್ಳುತ್ತಿಲ್ಲ. ಕೇಳುತ್ತಿದ್ದೇನೆ.

ರಾಣಿ


ಸಿದ್ದಾಪುರ
22 ಆಗಸ್ಟ್ 2024

ರಾಣಿ,

ಚಿಕ್ಕಬೀರಮ್ಮನೊಂದಿಗೆ ಮಾತಾಡಿದೆ.

ಚೀಟಿ ಇದರೊಳಗೆ ಇದೆ. ಸಹಿ ಮಾಡಿದ್ದೇನೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ನೀನು ಯಾವ ಹೆಸರಿಟ್ಟೆ ಎಂದು ಯಾವ ಕಾಗದದಲ್ಲೂ ಬರೆದಿಲ್ಲ.

ನಿನ್ನ ಅವ್ವ ಮೂರನೇ ಕಿಟಕಿಯ ಹತ್ತಿರ ಪೊರಕೆ ನಿಲ್ಲಿಸುತ್ತಿದ್ದದ್ದನ್ನು ನಾನೂ ನೋಡಿದ್ದೆ. ಕೇಳಲಿಲ್ಲ. ಕೇಳಿದ್ದರೆ ಬರೆಯಬೇಕಾಗುತ್ತಿತ್ತು.

ಉಳಿದವು ಆರು. ಊರಿಗೆ ವಾಪಸು ಬಂದಾಗಲೆಲ್ಲ ಹೊಸದಾಗಿ ಕೆದರಿದ ಮಣ್ಣು ನೋಡಿದ್ದೇನೆ. ಮೊದಲ ಕಿಟಕಿಯ ಕೆಳಗೆ ಒಂದು, ಎರಡನೆಯದರ ಕೆಳಗೆ ಮೂರು, ಹಿಂದಿನ ಮೂಲೆಯಲ್ಲಿ ಎರಡು.

ಹೆಸರು ತಿಳಿಸು.

ಅಪ್ಪ


ಗಾವಡಗೆರೆ
2 ಸೆಪ್ಟೆಂಬರ್ 2024

ಅಪ್ಪಾ,

ಕಿರಣ್‌ಕುಮಾರ್.

ಸಂತರ ಹೆಸರಿಡದ ಕೂಸನ್ನು ನೀನು ಪುಸ್ತಕಕ್ಕೆ ಸೇರಿಸುತ್ತಿರಲಿಲ್ಲ ಎಂದು ಗೊತ್ತು. ಚೊಂಬು ಹಿಡಿದಿದ್ದ ನನಗೆ ಆ ಗಳಿಗೆಯಲ್ಲಿ ಒಬ್ಬ ಸಂತನೂ ನೆನಪಾಗಲಿಲ್ಲ. ಕ್ಲಾಸಿನಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಒಬ್ಬ ಕಿರಣ್‌ಕುಮಾರ್ ಕೂರುತ್ತಿದ್ದ, ಯಾವಾಗಲೂ ಮೂಗು ಸುರಿಸುತ್ತಿದ್ದ, ಎಷ್ಟು ಜ್ವರ ಬಂದರೂ ಮರುದಿನ ಶಾಲೆಗೆ ಬರುತ್ತಿದ್ದ. ಆ ಹೆಸರೇ ಬಾಯಿಗೆ ಬಂತು.

ನಿನ್ನ ಖಾಲಿ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಇನ್ನಾಸಿ ಎಂದೋ ಚೌರಿ ಎಂದೋ ಸಂತರ ಹೆಸರು ಬರೆದಿದ್ದರೆ ನಿನಗೂ ಹಿತವಾಗುತ್ತಿತ್ತು. ಕಿರಣ್‌ಕುಮಾರ್ ಎಂದೇ ಬರೆದೆ. ಸುನೀಲ್‌ಕುಮಾರ್ ಚೀಟಿ ತಿರುಗಿಸಿ ಮುರುಗಿಸಿ ನೋಡಿದ.

“ಇದ್ಯಾವ್ ಸಂತ ಅಕ್ಕ?”

“ಸಂತ ಅಲ್ಲ. ನನ್ ತಮ್ಮ. ಬರ್ಕೊ.”

ಬರೆದುಕೊಂಡ. ಕಿರಣ್‌ಕುಮಾರ್, ತಂದೆ ಇನ್ನಾಸಪ್ಪ. ವಯಸ್ಸು ಎಂಬಲ್ಲಿ ಏನು ಹಾಕಲಿ ಎಂದು ಕೇಳಿದ. ಒಂದು ಅನ್ನ ಬೇಯುವಷ್ಟು ಹೊತ್ತು ಎಂದು ಬರೆಯಲು ಬರುತ್ತದೆಯೇ? ಒಂದು ದಿನ ಎಂದು ಹಾಕಿಸಿದೆ. ಮಡಕೆಯನ್ನು ಅವ್ವನ ತಲೆಯ ಹತ್ತಿರ ಇಟ್ಟೆವು. ಸುನೀಲ್‌ಕುಮಾರನೇ ಜಪ ಹೇಳಿದ. ನನಗೆ ಅರ್ಧ ಮರೆತುಹೋಗಿತ್ತು.

ಇಷ್ಟಾದ ಮೇಲೆ ನನ್ನ ಸಿಟ್ಟು ಇಳಿದಿರಬಹುದು ಎಂದುಕೊಳ್ಳಬೇಡ. ‘ನೋಡಿದ್ದೆ, ಕೇಳಲಿಲ್ಲ’ ಎಂದು ಬರೆದಿದ್ದೀಯ. ಅವಳು ನಿನಗೆ ಹೆದರಿ ಆರು ವರ್ಷ ಬಾಯಿ ಮುಚ್ಚಿಕೊಂಡಳು. ನಾನು ಅವಳಿಗೆ ಕೊಟ್ಟ ಮಾತಿಗೆ ಹತ್ತು ವರ್ಷ ಮುಚ್ಚಿಕೊಂಡೆ. ನೀನು ಎಲ್ಲ ನೋಡಿಕೊಂಡು ಬಾವಿಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದೆ. ಒಂದೇ ಮನೆಯಲ್ಲಿ ಮೂರು ಜನ, ಮೂವರಿಗೂ ಗೊತ್ತು. ಒಂದು ದಿನ ಹೋಗಿ ಅವಳ ಪಕ್ಕ ನಿಂತಿದ್ದರೆ ಏನಾಗುತ್ತಿತ್ತು? ಬರೆಯುವುದು ಆಮೇಲಿನ ಮಾತು. ಸುಮ್ಮನೆ ನಿಲ್ಲಬಹುದಿತ್ತು. ಅವಳಿಗಾಗಿ ಬಾಯಿ ಮುಚ್ಚಿಕೊಂಡೆ ಎನ್ನುವುದಾದರೆ, ಅವಳು ಹೋದ ಮೇಲೆ ಗೊತ್ತಿದ್ದೂ ಸಮಾಧಿಗಳಿಲ್ಲ ಎಂದು ಸಹಿ ಮಾಡಿದ್ದು ಯಾರಿಗಾಗಿ?

ಆ ಆರರ ವಿಷಯ. ಮಳೆಗೆ ಪೈಪಿನ ಅಗೆತ ಇನ್ನೂ ಶುರುವಾಗಿರಲಿಲ್ಲ. ನಿನ್ನ ಕಾಗದವನ್ನು ಸೋಮಶೇಖರ್‌ಗೆ ತೋರಿಸಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ತೋರಿಸಿದರೆ ತೆಗೆಸುತ್ತಾರೆ, ತೋರಿಸದಿದ್ದರೆ ಪೈಪು ಹೋಗುತ್ತದೆ. ಕೊನೆಗೆ ತೋರಿಸಿದೆ. ಮುಚ್ಚಿಡುವುದು ನನಗೆ ಸಾಕಾಗಿತ್ತು. ಪುಟ್ಟಮಾದಮ್ಮ ಮಗನಿಂದ ಗಟ್ಟಿಯಾಗಿ ಓದಿಸಿಕೊಂಡರು.

“ಆರೂ ಇಲ್ಲೇ ಇರ್ಲಿ. ಪೈಪ್ನ ತೆಂಕ್ಲಾಗೆ ತಿರುಗ್ಸು.”

“ವಾಸ್ತು ಒಪ್ಪಾಕಿಲ್ಲ ಕಣವ್ವ.”

“ಒಪ್ದೆ ಇದ್ರೆ ಬುಡು. ನಾನ್ ಬಿಳಿಕೆರೇಲೇ ಇರ್ತೀನಿ, ನೀವೇ ಬಂದು ಇದ್ಕಳಿ.”

ಪೈಪು ತೆಂಕಲಿಗೆ ತಿರುಗಿತು. ಅದಕ್ಕೂ ವಾಸ್ತುವಿನವನು ಏನೋ ಪರಿಹಾರ ಹೇಳಿದ. ನಾನು ಗೆದ್ದೆ ಎಂದುಕೊಂಡೆ. ಮೂರು ನಾಲ್ಕು ದಿನವಷ್ಟೇ. ಮೊನ್ನೆ ಭಾವನಾ ಅವರು ಬಂದು ನೋಡಿ, ಸೂರಿನ ಕೆಳಗಿನ ಆ ಮಣ್ಣಿನ ಪಟ್ಟಿ ಕಣ್ಣಿಗೆ ಬಿದ್ದರೆ ಮೈ ಜುಂ ಎನ್ನುತ್ತದೆ, ಸೂರಿಗೆ ತಗಡಿನ ದೋಣಿ ಕಟ್ಟಿ ಮಳೆನೀರನ್ನು ಸಂಪ್ ತೊಟ್ಟಿಗೆ ಬಿಡಿ, ಕೆಳಗೆ ಕಾಂಕ್ರೀಟು ಹಾಕಿ ಟೈಲ್ಸ್ ಕೂರಿಸಿ ಅಂದರು. ಅವರ ಮೇಲೆ ಸಿಟ್ಟಾಗಲು ನೋಡಿದೆ, ಆಗಲಿಲ್ಲ. ಅವರು ಕೊಂಡದ್ದು ಮನೆ, ಕೊಳ್ಳುವಾಗ ಅದರಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮುದುಕಿಯೂ ಈ ಸಲ ಸುಮ್ಮನಾದರು. ಸೊಸೆಯ ಜೊತೆ ಬಾಳಬೇಕಲ್ಲ.

ಟೈಲ್ಸ್ ಕೂರಿಸಬೇಕಾದವಳು ನಾನು. ಕೂರಿಸಲ್ಲ ಅಂದೆ. ಮೇಲೆ ಕಾಂಕ್ರೀಟು ಬಿದ್ದರೆ ಆ ಆರರ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಅಲ್ಲಿ ಮಲಗಿಸಿ ಬಂದ ತಾಯಂದಿರು ನಂಬಿದ್ದು ಆ ನೀರೊಂದನ್ನೇ. “ಅಂಗಾದ್ರೆ ಬರ್ಬೇಡ ಕಣವ್ವ,” ಅಂದ ಮಲ್ಲೇಶಣ್ಣ, “ನಿನ್ ಸತ್ಯನ ಕಟ್ಕೊಂಡು ನಾನ್ ಮೇಸ್ತ್ರಿಕೆ ಮಾಡಕ್ಕಾಯ್ತದಾ?” ಬೇರೆಯವರನ್ನು ಕರೆಸುತ್ತಾನೆ. ಇನ್ನು ಎಂಟು ಹತ್ತು ದಿನವಾಗಬಹುದು.

ಆ ಆರು ಮನೆಗಳು ಯಾವುವು, ಈಗ ಎಲ್ಲೆಲ್ಲಿ ಇದ್ದಾರೆ ಎಂಬುದು ನಿನಗೆ ಮಾತ್ರ ಗೊತ್ತು. ಒಂದೊಂದು ಮನೆಗೂ ಒಂದೊಂದು ಕಾಗದ ಬರೆ. ಅವರು ಬಂದು ಏನು ಬೇಕಾದರೂ ಮಾಡಿಕೊಳ್ಳಲಿ, ತೆಗೆಯಲಿ, ಬಿಡಲಿ, ಜಗಳವಾಡಲಿ. ಅವರಿಗೆ ತಿಳಿಯಬೇಕು. ಅದನ್ನು ನಾನು ಮಾಡುವುದಿಲ್ಲ. ಅದು ನಿನ್ನ ಕೆಲಸ.

ಸರಗೂರಿನಲ್ಲಿ ಒಂದು ಹಾಸ್ಟೆಲ್ ಕಟ್ಟುತ್ತಿದ್ದಾರೆ, ಟೈಲ್ಸ್ ಕೆಲಸ ಮೂರು ತಿಂಗಳಿದೆ. ಕೋಣೆ ಖಾಲಿ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.

ರಾಣಿ